ಕೊಂಡ ಎಂಜಿನ್ ಶೆಡ್ಡಿಗೆ ಸೇರುವ ತನಕ

ಹಾಸನದ ನಮ್ಮ ಮನೆಯ ಮಹಡಿ ಮೇಲೆ ಹತ್ತಡಿ ಉದ್ದ ಎಂಟಡಿ ಅಗಲದ ಒಂದು ಕೋಣೆ ಇದೆ. ಕಟ್ಟುವಾಗ ಅದು ದೇವರ ಸಾಮಾನು, ಹಳೇ ಪಾತ್ರೆ ಇಡೋದಕ್ಕೆ ಅಂತ ಇತ್ತು. ಈಗ ಅಲ್ಲಿ ಒಂದು ಘಾಟಿ ಇದೆ, ಮಾದರಿ ರೈಲು ಓಡುವ ಪುಟ್ಟ ಘಾಟಿ. ಪೂರ್ತಿ ಎಡಕುಮೇರಿ ಅಲ್ಲ, ಪೂರ್ತಿ ದೋಣಿಗಾಲ್ ಕೂಡ ಅಲ್ಲ. ಎರಡನ್ನೂ ಕಲಸಿ ನನ್ನ ಅನುಕೂಲಕ್ಕೆ ಕಟ್ಟಿಕೊಂಡ ನಿಲ್ದಾಣ. ಗಾಡಿ ಪಕ್ಕಕ್ಕೆ ನಿಲ್ಲಿಸುವ ಎರಡು ಲೂಪ್ ಲೈನು, ಒಂದು ಸೇತುವೆ, ಒಂದೂವರೆ ಸುರಂಗ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ನಿಜವಾದ ದಾರಿಯಲ್ಲಿ 57 ಸುರಂಗಗಳಿವೆ. ನನ್ನ ಕೋಣೆಗೆ ಹಿಡಿಸಿದ್ದು ಇಷ್ಟು, ಅದರಲ್ಲೂ ಅರ್ಧ ಸುರಂಗ ಯಾಕೆ ಅಂದರೆ ಅದು ಬೀರುವಿನ ಹಿಂದೆ ಹೋಗಿ ಅಲ್ಲೇ ಮುಗಿಯುತ್ತದೆ.

ಎಲ್ಲವೂ ಎಚ್‌ಒ ಅಳತೆ, ಅಂದರೆ ನಿಜದ 87ರಲ್ಲಿ ಒಂದು ಪಾಲು. ಇವತ್ತಿಗೆ ನನ್ನ ರಿಜಿಸ್ಟರಿನಲ್ಲಿ ಓಡುವ ಎಂಜಿನ್ನುಗಳು ನಾಲ್ಕು. ಹದಿನಾಲ್ಕು ವರ್ಷದ ಹುಚ್ಚಿಗೆ ನಾಲ್ಕೇನಾ ಅಂತ ನೋಡಲು ಬಂದವರು ಕೇಳುತ್ತಾರೆ. ಕೊಂಡದ್ದು ಹನ್ನೊಂದು. ಉಳಿದವು ಎಲ್ಲಿ ಹೋದವು ಅನ್ನೋದೇ ಈ ಕತೆ.

ಮೊದಲು ನಾನು ಎಂಜಿನ್ ಕೊಳ್ಳುತ್ತಿದ್ದದ್ದು ಜಾತ್ರೆಯಲ್ಲಿ ಮಿಠಾಯಿ ಕೊಂಡ ಹಾಗೆ. ಚೆಂದ ಕಂಡರೆ ಬೇಕು. ಜರ್ಮನಿಯಲ್ಲಿ ಕೆಲಸದಲ್ಲಿದ್ದ ಅಕ್ಕನ ಮಗ ಒಂದು ಸಲ ರಜಕ್ಕೆ ಬರುವಾಗ ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಮ್ಯಾರ್ಕ್ಲಿನ್ ಉಗಿ ಎಂಜಿನ್ ಹಿಡಿದು ತಂದ. ಭಾರವಾದ ಲೋಹದ ಮೈ, ಕೆಂಪು ಚಕ್ರ, ಕೈಯಲ್ಲಿ ಹಿಡಿದರೆ ಕೆಳಗಿಡಲು ಮನಸ್ಸಾಗದು. ಊಟವನ್ನೂ ಬಿಟ್ಟು ಮೇಲೆ ಓಡಿಹೋಗಿ ಹಳಿ ಮೇಲಿಟ್ಟೆ. ಕಂಟ್ರೋಲರ್ ಟಕ್ ಅಂತ ಆಫ್ ಆಯಿತು. ಮತ್ತೆ ಹಾಕಿದೆ, ಮತ್ತೆ ಟಕ್. ಕೊನೆಗೆ ಎಂಜಿನ್ ತಿರುಗಿಸಿ ನೋಡಿದರೆ ಹೊಟ್ಟೆಯ ಕೆಳಗೆ ಉದ್ದಕ್ಕೆ ಒಂದು ಲೋಹದ ಪಟ್ಟಿ. ಮ್ಯಾರ್ಕ್ಲಿನ್‌ನವರ ಪದ್ಧತಿಯೇ ಬೇರೆ: ಹಳಿಗಳ ನಡುವೆ ಸಾಲಾಗಿ ಇರುವ ಮೊಳೆಗಳಿಂದ ಆ ಪಟ್ಟಿ ಕರೆಂಟು ತೆಗೆದುಕೊಳ್ಳುತ್ತದೆ, ಎರಡು ಹಳಿಯೂ ಸೇರಿ ವಾಪಸು ದಾರಿ. ಹಾಗಾಗಿ ಎಡ ಬಲ ಚಕ್ರಗಳ ಮಧ್ಯೆ ಇನ್ಸುಲೇಷನ್ ಇಲ್ಲ. ನನ್ನದು ಒಂದು ಹಳಿ ಪ್ಲಸ್ ಇನ್ನೊಂದು ಮೈನಸ್. ಆ ಎಂಜಿನ್ ಇಟ್ಟ ತಕ್ಷಣ ಎರಡಕ್ಕೂ ಕಬ್ಬಿಣದ ಸರಳು ಅಡ್ಡ ಹಾಕಿದಂತೆ. ತಪ್ಪು ಎಂಜಿನ್ನಿನದಲ್ಲ, ಕೇಳದೆ ತರಿಸಿದವನದು. ಈಗ ಅದು ಕೆಳಗೆ ಟಿವಿ ಪಕ್ಕದ ಗಾಜಿನ ಕಪಾಟಿನಲ್ಲಿದೆ. ಮನೆಗೆ ಬಂದವರೆಲ್ಲ ಮೊದಲು ಮೆಚ್ಚುವುದು ಅದನ್ನೇ ಅನ್ನೋದು ನನ್ನ ಹೊಟ್ಟೆಯುರಿ.

ಅದಾದ ಮೇಲೆ ಒಂದು ಉದ್ದನೆ ನೋಟ್‌ಬುಕ್ ತಂದೆ. ನಾನು ದಿನವಿಡೀ ಲೆಕ್ಕ ಬರೆಯುವ ಕೆಲಸದವನು, ಕಾಲಮ್ಮು ಎಳೆಯದಿದ್ದರೆ ಯೋಚನೆ ಬರುವುದಿಲ್ಲ. ಒಂದು ಎಂಜಿನ್ನಿಗೆ ಎರಡು ಪುಟ. ಮೊದಲ ಪುಟ ತುಂಬಬೇಕಾದ್ದು ಕೊಳ್ಳುವ ಮುಂಚೆ, ಎರಡನೆಯದು ಕೊಂಡ ಮೇಲೆ. ಮೊದಲ ಪುಟ ತುಂಬದಿದ್ದರೆ ದುಡ್ಡು ಕೊಡುವ ಹಾಗಿಲ್ಲ. ಎರಡನೆಯದು ತುಂಬುವ ತನಕ ಅದು ನನ್ನ ಎಂಜಿನ್ ಅಲ್ಲ, ಪೆಟ್ಟಿಗೆಯಲ್ಲಿರುವ ಸಾಮಾನು.

ಮೊದಲ ಪುಟದ ಮೊದಲ ಸಾಲು: ಯಾವ ವರ್ಷ? ನನ್ನ ಘಾಟಿಯಲ್ಲಿ ಸದಾ 2008. ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ 1979ರಲ್ಲಿ ಶುರುವಾಗಿ, ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ಘಾಟಿ ಮುಚ್ಚಿ, 2006ರಲ್ಲಿ ಗೂಡ್ಸು, 2007ರ ಡಿಸೆಂಬರಿನಲ್ಲಿ ಪ್ಯಾಸೆಂಜರ್ ಗಾಡಿ ಮತ್ತೆ ಓಡಿದವು. ಅದರ ಮುಂದಿನ ಮಳೆಗಾಲ ನನ್ನ ಕೋಣೆಯಲ್ಲಿ ನಿಂತುಬಿಟ್ಟಿದೆ. ಚೆನ್ನೈನ ಐಸಿಎಫ್ ಕಾರ್ಖಾನೆಯ ನೀಲಿ ಬೋಗಿ, ಡೀಸೆಲ್ ಎಂಜಿನ್, ಮೇಲೆ ತಂತಿ ಇಲ್ಲ. ವರ್ಷ ನಿರ್ಧಾರವಾಗಿದ್ದೇ ತಡ, ಅರ್ಧ ಆಸೆಗಳು ತಾವಾಗಿ ಉದುರಿದವು. ಒಮ್ಮೆ ಬೆಂಗಳೂರಿನಲ್ಲಿ ಒಬ್ಬರು ಡಬ್ಲ್ಯೂಎಪಿ-7 ಎಂಬ ವಿದ್ಯುತ್ ಎಂಜಿನ್ ಮಾರುತ್ತಿದ್ದರು. ಕೆಂಪು ಪಟ್ಟೆ, ಬಿಳಿ ಮೈ, ತಂತಿಗೆ ತಾಗುವ ಪ್ಯಾಂಟೋಗ್ರಾಫ್ ಏಳುತ್ತೆ ಇಳಿಯುತ್ತೆ. ಕೈಯಲ್ಲಿ ಹಿಡಿದು ಕಾಲು ಗಂಟೆ ಕೂತಿದ್ದೆ. ತಂತಿಯಿಲ್ಲದ ಘಾಟಿಯಲ್ಲಿ 25 ಸಾವಿರ ವೋಲ್ಟಿನ ಎಂಜಿನ್ ಏನು ತಿಂದು ಬದುಕುತ್ತೆ? ವಾಪಸ್ ಕೊಟ್ಟೆ. ಬಸ್ಸಿನಲ್ಲಿ ಚನ್ನರಾಯಪಟ್ಟಣ ದಾಟುವ ತನಕ ಸಂಕಟ ಆಯಿತು.

ಎರಡನೇ ಸಾಲು: ತಿರುಗುತ್ತಾ? ನನ್ನ ಕೋಣೆಯಲ್ಲಿ ಅತಿ ಬಿಗಿಯಾದ ತಿರುವು 22 ಇಂಚು ತ್ರಿಜ್ಯದ್ದು, ಅಂದರೆ 56 ಸೆಂ.ಮೀ. ಹತ್ತಿರ. ಆರಂಭದಲ್ಲಿ ಪೆಟ್ಟಿಗೆ ಸೆಟ್ಟಿನ ಜೊತೆ ಬಂದ 18 ಇಂಚಿನ ತಿರುವುಗಳನ್ನೇ ಜೋಡಿಸಿದ್ದೆ. ನಾಲ್ಕು ಚಕ್ರದ ಪುಟ್ಟ ಎಂಜಿನ್ ಅದರಲ್ಲಿ ಕುಣಿಯುತ್ತಾ ಹೋಗುತ್ತಿತ್ತು, ಆರು ಆಕ್ಸಲ್ಲಿನದು ಮಾತ್ರ ನಡುಚಕ್ರ ಎತ್ತಿ ಹಳಿ ಬಿಡುತ್ತಿತ್ತು. ಐಸಿಎಫ್ ಬೋಗಿ ನಿಜದಲ್ಲಿ 21 ಮೀಟರಿಗಿಂತ ಚೂರು ಉದ್ದ. ನನ್ನ ಅಳತೆಗೆ ಅದು 245 ಮಿ.ಮೀ. ಅಷ್ಟು ಉದ್ದದ ಡಬ್ಬಿ ಬಿಗಿ ತಿರುವಿನಲ್ಲಿ ಹೋಗುವಾಗ ಮಧ್ಯಭಾಗ ಒಳಕ್ಕೆ ನುಗ್ಗಿ, ಮೂತಿ ಹೊರಕ್ಕೆ ಚಾಚುತ್ತದೆ. ಸುರಂಗದ ಬಾಯಿಗೆ ಬಳಿದಿದ್ದ ಪ್ಲಾಸ್ಟರ್ ಎರಡು ಸಲ ಕೆರೆದು ಬಂದ ಮೇಲೆ ಬುದ್ಧಿ ಬಂತು. ಹೊಸ ಎಂಜಿನ್ನಿಗೆ ಜಾಗ ಮಾಡಲು ಒಂದಿಡೀ ಬೇಸಿಗೆ ಹಳಿ ಕಿತ್ತು ಹಾಕಿದೆ. ಎಂಜಿನ್ನಿನ ಬೆಲೆ ಕೇಳುವವರು ಈ ಖರ್ಚನ್ನು ಸೇರಿಸಿಕೊಳ್ಳುವುದಿಲ್ಲ.

ಮೂರನೇ ಸಾಲು ಹಳಿ ಎಷ್ಟು ಅಗಲ ಅನ್ನೋದು, ಅದರ ಬಗ್ಗೆ ಹೇಳಲು ಸ್ವಲ್ಪ ಮುಜುಗರ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ ಹಳಿಗಳ ಅಂತರ 19.3 ಮಿ.ಮೀ. ಬರಬೇಕು. ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ., ಅದು ಯೂರೋಪು ಅಮೆರಿಕದ 1435ರ ಲೆಕ್ಕ. ಹಾಗಾಗಿ ನನ್ನ ಎಂಜಿನ್ನುಗಳನ್ನು ಎದುರಿನಿಂದ ನೋಡಿದರೆ ದಪ್ಪ ಮನುಷ್ಯ ಕಾಲು ಜೋಡಿಸಿ ನಿಂತ ಹಾಗೆ. ಹಳಿಯೇ ಸರಿ ಅಂದುಕೊಂಡು ಮೈಯನ್ನು ಅದಕ್ಕೆ ತಕ್ಕಂತೆ ಮಾಡಲು ಹೋದರೆ ಅಳತೆ 102ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಗ ಬೋಗಿ, ಮನುಷ್ಯರು, ಕಂಬ, ಯಾವುದೂ ಕೊಳ್ಳಲು ಸಿಗದು. ಹಳಿಯನ್ನೇ ಅಗಲ ಮಾಡಿ ಕೈಯಾರೆ ಹಾಸುವ ಶ್ರದ್ಧಾವಂತರಿಗೆ ನನ್ನ ನಮಸ್ಕಾರ. ನಾನು ಪಕ್ಕದಿಂದ ನೋಡುತ್ತೇನೆ. ಫೋಟೋ ತೆಗೆಯುವವರಿಗೂ ಪಕ್ಕದಲ್ಲೇ ನಿಲ್ಲಿ ಅನ್ನುತ್ತೇನೆ.

ಈ ಮೂರು ಸಾಲಿನ ಪರೀಕ್ಷೆಯಲ್ಲಿ ಮೊದಲು ಪಾಸಾದದ್ದು ಡಬ್ಲ್ಯೂಡಿಎಂ-2. ಆಲ್ಕೋ ಕಂಪನಿ ಅಮೆರಿಕದಿಂದ 1962ರಲ್ಲಿ ಕಳಿಸಲು ಶುರು ಮಾಡಿ, 1964ರಿಂದ ವಾರಾಣಸಿಯ ಡೀಸೆಲ್ ಕಾರ್ಖಾನೆಯಲ್ಲೇ ತಯಾರಾದ, 2600 ಅಶ್ವಶಕ್ತಿಯ ಆ ಹಳೇ ಗಟ್ಟಿಗ. ನಮ್ಮ ಕಡೆ ಕೃಷ್ಣರಾಜಪುರ ಶೆಡ್ಡಿನ ಆಲ್ಕೋಗಳನ್ನು ನೋಡಿಯೇ ಬೆಳೆದದ್ದು. ನಾಚ್, ಅಂದರೆ ಶಕ್ತಿಯ ಮೆಟ್ಟಿಲು, ಏರಿಸಿದ ಕೂಡಲೇ ಒಂದು ಗಳಿಗೆ ತಡೆದು, ಆಮೇಲೆ ಭುಸ್ ಅಂತ ಕರೀ ಹೊಗೆ ಬಿಟ್ಟು ಎಳೆಯೋದು. ನಿಜದಲ್ಲಿ ಉದ್ದ 17.12 ಮೀಟರ್, ನನಗೆ ಬೇಕಾದದ್ದು 197 ಮಿ.ಮೀ.

ಸಿದ್ಧ ಮಾದರಿಗೆ ಕಾಯುತ್ತಾ ಕೂರಲಿಲ್ಲ. ತ್ರೀಡಿ ಪ್ರಿಂಟ್ ಮಾಡಿದ ರೆಸಿನ್ ಮೈಯೊಂದನ್ನು ಗೆಳೆಯರ ಮೂಲಕ ಮಾಡಿಸಿದೆ. ಒಳಗಿನ ಚಾಸಿ, ಅಂದರೆ ಮೋಟಾರು ಚಕ್ರ ಹೊತ್ತ ಲೋಹದ ತಳ, ಹುಡುಕುವುದೇ ಕಷ್ಟದ ಕೆಲಸ. ಆಲ್ಕೋದ ಮೂರು ಆಕ್ಸಲ್ ಬೋಗಿಯಲ್ಲಿ (ಇಲ್ಲಿ ಬೋಗಿ ಅಂದರೆ ಡಬ್ಬಿ ಅಲ್ಲ, ಎಂಜಿನ್ ಕೆಳಗಿನ ಚಕ್ರಗಳ ಚೌಕಟ್ಟು) ಒಂದು ಗುಟ್ಟಿದೆ: ಆಕ್ಸಲ್ಲುಗಳ ನಡುವಿನ ಅಂತರ ಎರಡು ಕಡೆ ಸಮ ಇಲ್ಲ, ಒಂದು ಕಡೆ ಜಾಸ್ತಿ. ನೋಡದವರಿಗೆ ಗೊತ್ತಾಗದು, ಒಮ್ಮೆ ನೋಡಿದವರಿಗೆ ಸಮ ಅಂತರದ ಬೋಗಿ ಹಾಕಿದ ಡಬ್ಲ್ಯೂಡಿಎಂ-2 ಕಂಡರೆ ಹಲ್ಲಿನಲ್ಲಿ ಕಲ್ಲು ಸಿಕ್ಕ ಹಾಗೆ ಆಗುತ್ತದೆ. ಅಮೆರಿಕದ ಆಲ್ಕೋ ಎಂಜಿನ್ನುಗಳಲ್ಲೂ ಇದೇ ತಳಿಯ ಬೋಗಿ ಇರುವುದರಿಂದ ಅಲ್ಲಿನ ಹಳೇ ಮಾದರಿಯೊಂದರ ಚಾಸಿಯನ್ನು ಸೆಕೆಂಡ್ ಹ್ಯಾಂಡ್ ತರಿಸಿದೆ. ಪಾರ್ಸೆಲ್ ಮೇಲೆ ಹಾಕಿದ ಸುಂಕ ನೋಡಿ ಮನೆಯಾಕೆ ಎರಡು ದಿನ ಮಾತಾಡಲಿಲ್ಲ. ಕಸ್ಟಮ್ಸ್ ಪಟ್ಟಿಯಲ್ಲಿ ಮಕ್ಕಳ ಗೊಂಬೆಯೂ ಅಳತೆಬದ್ಧ ರೈಲು ಮಾದರಿಯೂ ಒಂದೇ 9503ನೇ ಶೀರ್ಷಿಕೆಯ ಅಡಿ ಬರುತ್ತವೆ. ಆ ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಅದರ ಮೇಲೆ ಜಿಎಸ್‌ಟಿ. ನಾನು ಕೊಂಡದ್ದು ಶೇ. 60ರ ಕಾಲದಲ್ಲಿ, ಈಗ ಅದನ್ನೇ ಅಗ್ಗ ಅಂದುಕೊಂಡು ಸಮಾಧಾನ.

ಇನ್ನು ಎರಡನೇ ಪುಟ.

ನಾನು ಡಿಸಿಸಿ, ಅಂದರೆ ಡಿಜಿಟಲ್ ಆದೇಶದಿಂದ ಓಡಿಸುವ ಪದ್ಧತಿಗೆ ಬಂದವನು. ಹಳಿಯಲ್ಲಿ ಸದಾ ಪೂರ್ತಿ ಕರೆಂಟು ಇರುತ್ತದೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಡಿಕೋಡರ್ ಎಂಬ ಉಗುರಗಲದ ಸರ್ಕ್ಯೂಟು ಕೂತು ತನ್ನ ವಿಳಾಸಕ್ಕೆ ಬಂದ ಆದೇಶ ಮಾತ್ರ ಕೇಳುತ್ತದೆ. ಒಂದೇ ಹಳಿ ಮೇಲೆ ಎರಡು ಎಂಜಿನ್ನನ್ನು ಬೇರೆ ಬೇರೆ ಓಡಿಸಬಹುದು, ಘಾಟಿಗೆ ಹಿಂದೊಂದು ತಳ್ಳುವ ಎಂಜಿನ್ ಕಟ್ಟಬೇಕಾದವನಿಗೆ ಇದಿಲ್ಲದೆ ಆಗದು. ಹೊಸ ಮಾದರಿಗಳಲ್ಲಿ 8 ಪಿನ್ನೋ 21 ಪಿನ್ನೋ ಸಾಕೆಟ್ ಇರುತ್ತದೆ, ಚುಚ್ಚಿದರೆ ಮುಗಿಯಿತು. ನಾನು ತರಿಸಿದ ಹಳೇ ಚಾಸಿಯಲ್ಲಿ ಸಾಕೆಟ್ ಎಲ್ಲಿಂದ ಬರಬೇಕು? ತಂತಿ ಒಂದೊಂದಾಗಿ ಬೆಸೆಯಬೇಕು. ಬಣ್ಣಗಳು ಮಾತ್ರ ಯಾವ ಕಂಪನಿಯದಾದರೂ ಒಂದೇ, ಅದೊಂದು ಪುಣ್ಯ. ಕೆಂಪು ಬಲ ಹಳಿ, ಕಪ್ಪು ಎಡ ಹಳಿ. ಕಿತ್ತಳೆ, ಬೂದು ಮೋಟಾರಿಗೆ. ಬಿಳಿ ಮುಂದಿನ ದೀಪ, ಹಳದಿ ಹಿಂದಿನದು, ನೀಲಿ ಎಲ್ಲ ದೀಪಗಳಿಗೂ ಸೇರಿ.

ಮೊದಲ ಡಿಕೋಡರ್ ಸುಟ್ಟಿದ್ದು ಇಲ್ಲೇ. ಹಳೇ ಚಾಸಿಗಳಲ್ಲಿ ಮೋಟಾರಿಗೆ ಕರೆಂಟು ಮುಟ್ಟಿಸುವ ಒಂದು ಬ್ರಷ್ಷು ನೇರವಾಗಿ ಲೋಹದ ತಳಕ್ಕೆ ತಾಗಿಕೊಂಡಿರುತ್ತದೆ. ಚಾಸಿಯೇ ಒಂದು ತಂತಿ ಇದ್ದ ಹಾಗೆ. ಹಳಿಯ ಕರೆಂಟೇ ನೇರ ಮೋಟಾರಿಗೆ ಹೋಗುತ್ತಿದ್ದ ಹಳೇ ಡಿಸಿ ಕಾಲಕ್ಕೆ ಅದು ಜಾಣತನ. ಡಿಸಿಸಿಯಲ್ಲಿ ಹಳಿಯ ಕರೆಂಟು ಡಿಕೋಡರ್ ದಾಟದೆ ಮೋಟಾರ್ ಮುಟ್ಟಬಾರದು. ನಾನು ಕಿತ್ತಳೆ ಬೂದು ಎರಡನ್ನೂ ಚೊಕ್ಕವಾಗಿ ಬೆಸೆದು, ಬ್ರಷ್ಷನ್ನು ತಳಕ್ಕೆ ತಾಗಿಸುವ ತಗಡಿನ ಚಿಮ್ಮುಗೆಯನ್ನು (ಸ್ಪ್ರಿಂಗ್) ಮರೆತೆ. ಎಂಜಿನ್ ಹಳಿ ಮೇಲಿಟ್ಟು ಸ್ವಿಚ್ ಹಾಕಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಆಲ್ಕೋ ಹೊಗೆ ಬಿಟ್ಟಿತು, ನಿಜವಾಗಿಯೇ. ತೆಳ್ಳನೆ ಬೂದು ಎಳೆ, ಸುಟ್ಟ ಬೇಕಲೈಟಿನ ವಾಸನೆ. ಮಗಳು ಬಾಗಿಲಲ್ಲಿ ನಿಂತು, ‘ಅಪ್ಪಾ, ಸೌಂಡೂ ಬರುತ್ತಾ?’ ಅಂದಳು.

ಅವತ್ತಿನಿಂದ ಒಂದು ಶಾಸ್ತ್ರ. ಡಿಕೋಡರ್ ಪೊಟ್ಟಣ ಒಡೆಯುವ ಮುಂಚೆ ಮಲ್ಟಿಮೀಟರ್ ಬೀಪ್‌ನಲ್ಲಿಟ್ಟು ಒಂದು ಕಡ್ಡಿ ಮೋಟಾರಿನ ಬ್ರಷ್ಷಿಗೆ, ಇನ್ನೊಂದು ಎಡಚಕ್ರಕ್ಕೆ. ಬೀಪ್ ಬರಬಾರದು. ಬಲಚಕ್ರಕ್ಕೆ, ಬರಬಾರದು. ಚಾಸಿಗೆ, ಬರಬಾರದು. ಇನ್ನೊಂದು ಬ್ರಷ್ಷಿಗೂ ಹಾಗೇ. ಒಟ್ಟು ಆರು ಸಲದ ಮೌನ. ಚಿಮ್ಮುಗೆಯನ್ನು ಕತ್ತರಿಸಿ, ತಳಕ್ಕೆ ಕರೆಂಟು ದಾಟಿಸದ ಕ್ಯಾಪ್ಟಾನ್ ಟೇಪ್ ಹಾಸಿ, ಮೋಟಾರನ್ನು ಹಿಡಿದಿದ್ದ ಲೋಹದ ತಿರುಪು ತೆಗೆದು ನೈಲಾನ್ ತಿರುಪು ಹಾಕಿದೆ. ತಿರುಪಿನ ಮೂಲಕವೂ ಕರೆಂಟು ದಾಟುತ್ತದೆ, ಅದು ನನ್ನ ತಲೆಗೆ ಹೊಳೆದದ್ದು ಎರಡನೇ ಸಲ ಬೀಪ್ ಅಂದಾಗ.

ಆಮೇಲೆ ಚಕ್ರ. ಎರಡು ಚಕ್ರಗಳ ಒಳಮೈ ನಡುವಿನ ಅಂತರ ಸುಮಾರು 14.4 ಮಿ.ಮೀ. ಇರಬೇಕು. ಕ್ಯಾಲಿಪರಿನಲ್ಲಿ ಆರೂ ಆಕ್ಸಲ್ ಅಳೆದೆ, ಐದು ಸರಿ, ಒಂದು 14.0. ಅರ್ಧ ಮಿ.ಮೀ. ಕೂಡ ಇಲ್ಲ, ಏನು ಮಹಾ ಅಂತ ಬಿಟ್ಟೆ. ಲೂಪಿಗೆ ಹಳಿ ಕವಲೊಡೆಯುವ ಪಾಯಿಂಟಿನಲ್ಲಿ ಪ್ರತಿ ಸಲ ಹಳಿ ತಪ್ಪುತ್ತಿತ್ತು, ಅದೂ ಒಂದೇ ಜಾಗದಲ್ಲಿ. ಪಾಯಿಂಟನ್ನು ಬೈದೆ, ಪ್ಲೈವುಡ್ಡನ್ನು ಬೈದೆ, ಹಳಿ ಎತ್ತಿ ಕೆಳಗೆ ಕಾಗದ ಕೊಟ್ಟೆ. ಅಲ್ಲಿ ಚಕ್ರಕ್ಕೆ ದಾರಿ ತೋರಿಸಲು ಇರುವ ಒಳಹಳಿ, ಅಂದರೆ ಚೆಕ್ ರೈಲಿನ ಪಕ್ಕ ಕಣ್ಣಿಟ್ಟು ಬೆರಳಲ್ಲಿ ಮೆಲ್ಲಗೆ ತಳ್ಳಿ ನೋಡಿದಾಗ ಕಂಡಿತು: ಇಕ್ಕಟ್ಟಾದ ಆ ಒಂದು ಜೋಡಿಯ ಫ್ಲಾಂಜ್ (ಚಕ್ರದ ಅಂಚು) ಹಿಂಬದಿಯಿಂದ ಚೆಕ್ ರೈಲಿಗೆ ಒರಗಿ, ಕೂದಲೆಳೆಯಷ್ಟು ಮೇಲೇರಿ, ಹಾಗೇ ಹತ್ತಿ ಹೋಗುತ್ತಿದೆ. ಚಕ್ರವನ್ನು ತಿರುಚುತ್ತಾ ಎಳೆದು ಸರಿಮಾಡಿದೆ. ಆಮೇಲೆ ಇವತ್ತಿನವರೆಗೆ ಆ ಪಾಯಿಂಟಿನಲ್ಲಿ ಅದು ಬಿದ್ದಿಲ್ಲ.

ವಿಳಾಸ ಕೊಡುವುದು ನನಗೆ ನಾಮಕರಣದಷ್ಟೇ ಇಷ್ಟ. ಹೊಸ ಡಿಕೋಡರ್‌ಗಳೆಲ್ಲ 3 ಎಂಬ ವಿಳಾಸದಲ್ಲಿ ಹುಟ್ಟುತ್ತವೆ. ಬದಲಿಸದೆ ಬಿಟ್ಟರೆ ಶೆಡ್ಡಿನಲ್ಲಿರುವ ಇನ್ನೊಂದು 3 ಕೂಡ ಎದ್ದು ಹೊರಡುತ್ತದೆ. ಬಫರಿಗೆ ಬಫರ್ ಡಿಕ್ಕಿ ಹೊಡೆದ ಮೇಲೆ ನಾನು ಕಲಿತೆ. ನಮ್ಮ ಎಂಜಿನ್ನುಗಳ ಸಂಖ್ಯೆ ಐದಂಕಿ, ಡಿಸಿಸಿ ವಿಳಾಸಕ್ಕೆ ನಾಲ್ಕಂಕಿಯೇ ವಾಡಿಕೆ, ಹಾಗಾಗಿ ಕೊನೆಯ ನಾಲ್ಕು. ನಾನು ಮೈಮೇಲೆ ಬರೆದದ್ದು 16543. ಸಂಖ್ಯೆ ನನ್ನದೇ ಅಂದಾಜು. ಹೆಸರುವಾಸಿ ಎಂಜಿನ್ನಿನ ಸಂಖ್ಯೆ ಹಾಕಿದರೆ ಅದರ ಒಂದೊಂದು ಗ್ರಿಲ್ಲೂ ಫೋಟೋಕ್ಕೆ ತಾಳೆಯಾಗಬೇಕು, ಅಷ್ಟು ಧೈರ್ಯ ಇರಲಿಲ್ಲ. ವಿಳಾಸ 6543. ಈಗಿನ ಕಂಟ್ರೋಲರ್‌ಗಳು ಲೆಕ್ಕ ತಾವೇ ಮಾಡುತ್ತವೆ. ನನ್ನದು ಹಳೆಯದು, ಕೈಲೆಕ್ಕ: 6543ನ್ನು 256ರಿಂದ ಭಾಗಿಸಿದರೆ 25, ಶೇಷ 143. ಆ 25ಕ್ಕೆ 192 ಕೂಡಿಸಿ 217 ಅಂತ ಸಿವಿ 17ಕ್ಕೆ (ಸಿವಿ ಅಂದರೆ ಡಿಕೋಡರ್ ನೆನಪಿನ ಒಂದೊಂದು ಖಾನೆ), 143ನ್ನು ಸಿವಿ 18ಕ್ಕೆ. ಉದ್ದ ವಿಳಾಸ ಬಳಸು ಎಂದು ಹೇಳಲು ಸಿವಿ 29ರಲ್ಲಿದ್ದ 6ಕ್ಕೆ 32 ಕೂಡಿಸಿ 38. ದಿನದ ಲೆಕ್ಕದಂತೆ ತಾಳೆಯಾಗಿ, ಥ್ರಾಟಲ್ ತಿರುಗಿಸಿದ ಕೂಡಲೇ ಎಂಜಿನ್ ಅಲುಗಿತು. ಆದರೆ ಹಿಂದಕ್ಕೆ.

ಅದಕ್ಕೂ ಒಂದು ಕಾರಣ. ಡಬ್ಲ್ಯೂಡಿಎಂ-2ಕ್ಕೆ ಕ್ಯಾಬು ಒಂದೇ, ಒಂದು ಕಡೆ ಮೋಟು ಮೂತಿ, ಇನ್ನೊಂದು ಕಡೆ ಉದ್ದ ಮೂತಿ. ಬೆಸೆಯುವಾಗ ಉದ್ದ ಮೂತಿಯನ್ನೇ ಮುಂದು ಅಂದುಕೊಂಡು ಬಿಳಿ ತಂತಿ ಅಲ್ಲಿಗೆ ಕೊಟ್ಟಿದ್ದೆ. ಆಮೇಲೆ ಮೋಟು ಮೂತಿಯೇ ಮುಂದು ಇರಲಿ ಅನ್ನಿಸಿತು. ತಂತಿ ಬಿಚ್ಚಲಿಲ್ಲ. ಸಿವಿ 29ಕ್ಕೆ ಇನ್ನೊಂದು ಕೂಡಿಸಿ 39 ಮಾಡಿದರೆ ದಿಕ್ಕೂ ದೀಪವೂ ಒಟ್ಟಿಗೆ ತಿರುಗುತ್ತವೆ. ಒಂದಂಕಿಯಲ್ಲಿ ಇಡೀ ಎಂಜಿನ್ ಬೆನ್ನು ತಿರುಗಿಸಿ ನಿಂತದ್ದು ನೋಡಿ ಅವತ್ತು ಒಬ್ಬನೇ ನಕ್ಕೆ.

ಪಳಗಿಸುವ ಕೆಲಸ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ: ಬೋಗಿ ಕಟ್ಟದೆ ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ, ಮಧ್ಯಮ ವೇಗ, ಆಮೇಲೆ ಎರಡು ಬೋಗಿ ಕಟ್ಟಿ ಅಷ್ಟೇ ಹೊತ್ತು. ಎಣ್ಣೆಯ ವಿಷಯ ಮಾತ್ರ ಹೇಳದಿದ್ದರೆ ಆತ್ಮವಂಚನೆ. ಮೊದಮೊದಲು ನಾನು ಆಕ್ಸಲ್ಲಿಗೆ ಹಾಕುತ್ತಿದ್ದದ್ದು ಕೊಬ್ಬರಿ ಎಣ್ಣೆ. ಶುದ್ಧ, ಮನೆಯಲ್ಲೇ ಇದೆ, ಪ್ಲಾಸ್ಟಿಕ್ಕಿಗೆ ಏನೂ ಮಾಡಲ್ಲ. ಮೇ ತಿಂಗಳಲ್ಲಿ ಎಂಜಿನ್ ಬೆಣ್ಣೆಯಂತೆ ಓಡಿತು. ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ನೆಂಟರ ಮಕ್ಕಳನ್ನೆಲ್ಲ ಕೂರಿಸಿಕೊಂಡು ಥ್ರಾಟಲ್ ತಿರುಗಿಸಿದೆ. ಗೊರ್ ಅಂದಿತು, ಅಲ್ಲಾಡಲಿಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ, ಬಚ್ಚಲಮನೆಯ ಬಾಟಲಿ ನೋಡಿದ ಯಾರಿಗೂ ಗೊತ್ತು. ಹಾಸನದ ಡಿಸೆಂಬರ್ ಬೆಳಗ್ಗೆ ಅದಕ್ಕಿಂತ ಬಹಳ ಕೆಳಗೆ. ಗೇರುಗಳ ಮಧ್ಯೆ ಬಿಳೀ ತುಪ್ಪ ಕೂತಿತ್ತು, ಅದಕ್ಕೆ ನಾಲ್ಕು ಇರುವೆಯೂ ಬಂದಿದ್ದವು. ಪೂರ್ತಿ ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದೆ. ಈಗ ಪ್ಲಾಸ್ಟಿಕ್ಕಿಗೆ ಸರಿಹೊಂದುವ ತೆಳು ಎಣ್ಣೆ, ಸೂಜಿಯ ತುದಿಯಲ್ಲಿ ಎದ್ದ ಒಂದು ಹನಿ, ಅಷ್ಟೇ. ಹಾಕಿದ ತಾರೀಖಿಗೆ ರಿಜಿಸ್ಟರಿನಲ್ಲಿ ಒಂದು ಕಾಲಮ್ಮು.

ಘಾಟಿ ಹತ್ತಿಸುವುದು ಬೇರೆಯೇ ಪರೀಕ್ಷೆ. ನಿಜವಾದ ಘಾಟಿಯಲ್ಲಿ ಏರು 50ಕ್ಕೆ 1, ನನ್ನದೂ ಹಾಗೇ, ಮೀಟರಿಗೆ ಎರಡು ಸೆಂ.ಮೀ. ಕೇಳಲು ಏನೂ ಅಲ್ಲ. ಸಮತಟ್ಟಿನಲ್ಲಿ ಎಂಟು ಬೋಗಿ ಎಳೆದ ಎಂಜಿನ್ ಏರಿನಲ್ಲಿ ನಾಲ್ಕಕ್ಕೇ ಚಕ್ರ ಜಾರಿಸಿ ನಿಂತಿತು. ರೆಸಿನ್ ಮೈ ಹಗುರ, ಹಿಡಿತ ಬರಬೇಕಾದರೆ ತೂಕ ಬೇಕು. ಸೀಸದ ಗುಂಡು ಹುಡುಕುತ್ತಿದ್ದಾಗ ಬಿ.ಎಂ. ರಸ್ತೆಯ ಟಯರ್ ಅಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದು ವೀಲ್ ಬ್ಯಾಲೆನ್ಸಿಂಗ್ ಪಟ್ಟಿ. ಐದೈದು ಗ್ರಾಮಿನ ತುಂಡು, ಹಿಂದೆ ಅಂಟು, ಬೇಕಾದಷ್ಟು ಮುರಿದುಕೊಳ್ಳಬಹುದು. ‘ಯಾವ ಗಾಡಿ ಸಾರ್?’ ಅಂತ ಹುಡುಗ ಕೇಳಿದ. ಆಲ್ಕೋ ಅಂದೆ. ‘ಹೊಸ ಕಾರಾ?’ ಅಂದ. 80 ಗ್ರಾಂ ಒಳಗೆ ಅಂಟಿಸಿದೆ. ಎಂಜಿನ್ನಿನ ಹೊಟ್ಟೆಯನ್ನು ಪೆನ್ಸಿಲ್ ಮೇಲೆ ಅಡ್ಡವಿಟ್ಟು ತಕ್ಕಡಿಯಂತೆ ತೂಗಿ, ಎರಡು ಚಕ್ರದ ಚೌಕಟ್ಟಿಗೂ ಸಮ ಬೀಳುವ ತನಕ ಪಟ್ಟಿಗಳನ್ನು ಹಿಂದೆ ಮುಂದೆ ಸರಿಸಿದೆ. ತೂಕವೆಲ್ಲ ಒಂದು ಚೌಕಟ್ಟಿಗೆ ಬಿದ್ದರೆ ಇನ್ನೊಂದು ಸುಮ್ಮನೆ ತಿರುಗುತ್ತದೆ. ಈಗ ಆರು ಬೋಗಿ ಹತ್ತುತ್ತದೆ. ಏಳಕ್ಕೆ ಬ್ಯಾಂಕರ್.

ಬ್ಯಾಂಕರ್ ಅಂದರೆ ಹಿಂದಿನಿಂದ ತಳ್ಳುವ ಎಂಜಿನ್. ನನ್ನಲ್ಲಿ ಆ ಕೆಲಸ ಮೊದಲೇ ಇದ್ದ ಡಬ್ಲ್ಯೂಡಿಎಂ-3ಎ ಯದು, ಇದೇ ವಂಶದ 3100 ಅಶ್ವಶಕ್ತಿಯ ತಮ್ಮ. ಎರಡೂ ಒಂದೇ ವೇಗದಲ್ಲಿ ಹೋಗದಿದ್ದರೆ ಮಧ್ಯದ ಬೋಗಿಗಳು ತಿರುವಿನಲ್ಲಿ ಹಪ್ಪಳದಂತೆ ಮಡಚಿಕೊಳ್ಳುತ್ತವೆ. ಹೊಸ ಎಂಜಿನ್ ಬಂದಾಗಲೆಲ್ಲ ಅದನ್ನು ಹಳೆಯವುಗಳ ನಡಿಗೆಗೆ ಹೊಂದಿಸಬೇಕು. ನನ್ನ ಅಳತೆಗೋಲು ಸರಳ. ಹಳಿಯಲ್ಲಿ ಒಂದು ಮೀಟರಿಗೆ ಎರಡು ಗುರುತು, ಕೈಯಲ್ಲಿ ಫೋನಿನ ಸ್ಟಾಪ್‌ವಾಚ್. ಗಂಟೆಗೆ 30 ಕಿ.ಮೀ. ಅಂದರೆ ನನ್ನ ಅಳತೆಯಲ್ಲಿ ಸೆಕೆಂಡಿಗೆ 9.6 ಸೆಂ.ಮೀ., ಒಂದು ಮೀಟರಿಗೆ 10.4 ಸೆಕೆಂಡು. ಹಳೆಯದು ಆ ಲೆಕ್ಕಕ್ಕೆ ಪಳಗಿತ್ತು. ಹೊಸ ಆಲ್ಕೋ ಅದೇ ಥ್ರಾಟಲ್ಲಿಗೆ ಏಳು ಸೆಕೆಂಡಿನಲ್ಲಿ ದಾಟಿಬಿಟ್ಟಿತು. ಸಿವಿ 2 ಹೊರಡುವ ಶಕ್ತಿ, ಸಿವಿ 5 ತುತ್ತತುದಿಯ ವೇಗ, ಸಿವಿ 6 ನಡುವಿನದು. ಒಂದನ್ನು ಇಳಿಸಿ ಓಡಿಸು, ಬರಿ, ಮತ್ತೊಂದನ್ನು ಮುಟ್ಟು. ಮೂರು ಸಂಜೆ ಹಿಡಿಯಿತು. ಕರೆಂಟು ಹೋದ ಸಂಜೆ ಲೆಕ್ಕಕ್ಕಿಲ್ಲ.

ಸಿವಿ 3, 4ರಲ್ಲಿ ವೇಗ ಏರುವ ಇಳಿಯುವ ನಿಧಾನ ಇಡಬಹುದು. ಡಬ್ಲ್ಯೂಡಿಎಂ-2ಕ್ಕೆ ನಾನದನ್ನು ಧಾರಾಳವಾಗಿ ಕೊಟ್ಟಿದ್ದೇನೆ. ಸೌಂಡ್ ಡಿಕೋಡರ್ ಹಾಕಿರುವುದರಿಂದ ಮೊದಲು ಎಂಜಿನ್ ಸದ್ದು ಏರುತ್ತದೆ, ಗಾಡಿ ಇನ್ನೂ ನಿಂತೇ ಇರುತ್ತದೆ, ಆಮೇಲೆ ಚಕ್ರ ಮೆಲ್ಲಗೆ ಹೊರಳುತ್ತದೆ. ಒಳಗಿನ ಸದ್ದು ಅಮೆರಿಕದಲ್ಲಿ ಧ್ವನಿಮುದ್ರಿಸಿದ ಆಲ್ಕೋ 251 ಎಂಜಿನ್ನಿನದು. ನಮ್ಮ ಡಬ್ಲ್ಯೂಡಿಎಂ-2ರಲ್ಲಿ ಇರುವುದೂ ಅದೇ 251, ಹದಿನಾರು ಸಿಲಿಂಡರಿನದು. ಹಾರ್ನ್ ಮಾತ್ರ ಅಲ್ಲಿನದು, ಅದನ್ನು ಬಂದ್ ಮಾಡಿದ್ದೇನೆ. ಹಾರ್ನ್ ಬೇಕಾದಾಗ ಮಗಳೇ ಬಾಯಲ್ಲಿ ಹಾಕುತ್ತಾಳೆ. ಅಥವಾ ಹಾಕುತ್ತಿದ್ದಳು, ಈಗ ಪಿಯುಸಿ.

ಡಬ್ಲ್ಯೂಡಿಜಿ-4 ಬಂದದ್ದು ಆಮೇಲೆ. ಅಮೆರಿಕದ ಇಎಂಡಿ ಕಂಪನಿಯ ತಂತ್ರಜ್ಞಾನದ 4000 ಅಶ್ವಶಕ್ತಿಯ ಗೂಡ್ಸ್ ಎಂಜಿನ್, ಹುಬ್ಬಳ್ಳಿ ಶೆಡ್ಡಿನ ಹೆಮ್ಮೆ. ಅದರ ಮೊದಲ ಪುಟ ಅರ್ಧ ಗಂಟೆಯಲ್ಲಿ ತುಂಬಿತು, ಎರಡನೆಯದೂ ಸಲೀಸು. ಅನುಭವ ಬಂದ ಮೇಲೆ ಹೇಳಲು ಕತೆಯೇ ಉಳಿಯುವುದಿಲ್ಲ. ಒಂದೇ ತಕರಾರು: ಅದರ ಒಡಹುಟ್ಟಿದ ಅಮೆರಿಕದ ಎಂಜಿನ್ನಿನ ಚಾಸಿ ನಮ್ಮದಕ್ಕಿಂತ ಉದ್ದ, ಮಧ್ಯದಲ್ಲಿ ಕತ್ತರಿಸಿ ಗಿಡ್ಡ ಮಾಡಬೇಕಾಯಿತು. ಹಿತ್ತಾಳೆ ತಗಡು ಕೊಟ್ಟು ತಿರುಪು ಬಿಗಿದ ಆ ಜೋಡಣೆ ಈಗಲೂ ಸೇತುವೆ ಮೇಲೆ ಕಿರ್ರ್ ಅನ್ನುತ್ತದೆ.

ಉಳಿದ ಎಂಜಿನ್ನುಗಳಲ್ಲಿ ನಾಲ್ಕನ್ನು ಕೊಂಡ ಬೆಲೆಗಿಂತ ಕಮ್ಮಿಗೆ ಮಾರಿದೆ, ಒಂದರ ಮೋಟಾರು ಕಿತ್ತು ಇನ್ನೊಂದಕ್ಕೆ ಹಾಕಿದೆ, ಜರ್ಮನ್ ರಾಣಿ ಕಪಾಟಿನಲ್ಲಿ. ಹನ್ನೊಂದರ ಲೆಕ್ಕದಲ್ಲಿ ಇನ್ನೂ ಒಂದು ಬಾಕಿ.

ಅದು ವೈಡಿಎಂ-4. ಮೀಟರ್‌ಗೇಜಿನ ಆಲ್ಕೋ, ಡಬ್ಲ್ಯೂಡಿಎಂ-2ರ ಪುಟ್ಟ ತಂಗಿ. ನಾನು ಹಾಸನ ಸ್ಟೇಷನ್ನಿನ ಬೆಂಚಿನ ಮೇಲೆ ಅಜ್ಜನ ಪಕ್ಕ ಕೂತು ಮೊದಲು ನೋಡಿದ ಎಂಜಿನ್ ಅದೇ. 2008ರ ನನ್ನ ಘಾಟಿಯಲ್ಲಿ ಅದಕ್ಕೆ ಜಾಗವಿಲ್ಲ; ಆ ಹಳಿ ಹೋಗಿ ಹನ್ನೆರಡು ವರ್ಷವಾಗಿದೆ. ಮೊದಲ ಪುಟದ ಮೊದಲ ಸಾಲಿನಲ್ಲೇ ಫೇಲು. ಹಳಿಯೂ ಬೇರೆ: ಸಾವಿರ ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 11.5, ಅದಕ್ಕೆ ಸಿಗುವುದು 12 ಮಿ.ಮೀ.ಯ ಹಳಿ, ನನ್ನ 16.5ರ ಮೇಲೆ ಒಂದಿಂಚೂ ಓಡದು. ಎರಡು ವರ್ಷ ಪುಟವನ್ನು ತೆರೆದು ತೆರೆದು ಮುಚ್ಚಿದೆ. ಕೊನೆಗೆ ಮೈ ಪ್ರಿಂಟ್ ಮಾಡಿಸಿದೆ, ಮೋಟಾರ್ ಇಲ್ಲದ ಚಕ್ರದ ಚೌಕಟ್ಟುಗಳನ್ನು ಹೊಂದಿಸಿದೆ, ಒಂದು ಗೇಣು 12 ಮಿ.ಮೀ. ಹಳಿ ತರಿಸಿದೆ. ಎಷ್ಟೋ ನಿಲ್ದಾಣಗಳ ಮುಂದೆ ಹಳೇ ಎಂಜಿನ್ನನ್ನು ಕಟ್ಟೆಯ ಮೇಲೆ ನಿಲ್ಲಿಸಿರುತ್ತಾರಲ್ಲ, ಹಾಗೆ ನನ್ನ ನಿಲ್ದಾಣದ ಮುಂದೆಯೂ ಒಂದು ಕಟ್ಟೆ ಕಟ್ಟಿ, ಸುತ್ತ ಸರಪಳಿ ಬೇಲಿ ಹಾಕಿ, ಎರಡು ಕ್ರೋಟನ್ ಗಿಡ ನೆಟ್ಟೆ. 2008ರಲ್ಲಿ ಅದು ಅಲ್ಲಿರಬಹುದು, ಯಾರೂ ಆಕ್ಷೇಪಿಸುವಂತಿಲ್ಲ.

ರಿಜಿಸ್ಟರಿನಲ್ಲಿ ಅದಕ್ಕೂ ಎರಡು ಪುಟ ಕೊಟ್ಟಿದ್ದೇನೆ. ವಿಳಾಸದ ಕಾಲಮ್ಮು ಖಾಲಿ, ಸಿವಿಗಳೆಲ್ಲ ಖಾಲಿ, ಮೀಟರಿಗೆ ಎಷ್ಟು ಸೆಕೆಂಡು ಅನ್ನುವಲ್ಲಿ ಒಂದು ಅಡ್ಡಗೆರೆ. ಎಣ್ಣೆ ಹಾಕಿದ ತಾರೀಖಿನ ಕಾಲಮ್ಮಿನಲ್ಲಿ ಮಾತ್ರ ಮೊನ್ನೆ ಭಾನುವಾರದ ದಿನಾಂಕವಿದೆ.